ವರ್ಡಲ್ಲಿ ಬರೆದ್ರೆ ಸಾಲ್ದಾ?

ಪ್ರಶ್ನೆ: ಸರ್, ನನ್ನ ಎಂಎಸ್ಸಿ ಪ್ರಾಜೆಕ್ಟು ಮಳೆ ಮತ್ತು ಅಡಿಕೆಯ ಕೊಳೆರೋಗದ್ದು. ಲೆಕ್ಕ ಎಕ್ಸೆಲ್‌ನಲ್ಲಿ ಆಗಿದೆ, ವರದಿ ವರ್ಡಲ್ಲಿ ಅರ್ಧ ಮುಗಿದಿದೆ. ಈಗ ಗೈಡ್ ಹೇಳ್ತಾರೆ, ಆರ್ ಅನ್ನುವ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆಯ ಆರ್ ಮಾರ್ಕ್‌ಡೌನ್‌ನಲ್ಲಿ ಕೋಡೂ ಬರಹವೂ ಒಟ್ಟಿಗೆ ಇರ್ಲಿ ಅಂತ. ಇದೆಂತ, ಸುಮ್ಮನೆ ಡಬಲ್ ಕೆಲಸ ಅಲ್ವಾ?
– ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಶುರುವಿಗೆ ಡಬಲ್ ಕೆಲಸವೇ, ಇಲ್ಲ ಅನ್ನುದಿಲ್ಲ. ಆದ್ರೆ ಜುಲೈ ತಿಂಗಳ ಎರಡು ದಿನದ ಮಳೆ ಅಳತೆ ತಪ್ಪು ಬಿದ್ದಿದೆ ಅಂತ ಕಡೆಗೆ ಗೊತ್ತಾಯ್ತು ಅಂತಿಟ್ಕೊಳ್ಳಿ, ಆಗ ಎಕ್ಸೆಲ್ ತಿದ್ದಿ, ಗ್ರಾಫ್ ಪುನಃ ಮಾಡಿ, ವರ್ಡಿಗೆ ಪೇಸ್ಟ್ ಮಾಡಿ, ಎಲ್ಲೆಲ್ಲಿ ಸರಾಸರಿ ಬರೆದಿದ್ದೀರೋ ಅದನ್ನೆಲ್ಲ ಹುಡುಕಿ ಬದಲಿಸ್ಬೇಕು, ಒಂದು ಕಡೆ ಬಾಕಿಯಾದ್ರೂ ಟೇಬಲ್ ಒಂದು ಹೇಳ್ತದೆ, ಸಾರಾಂಶ ಇನ್ನೊಂದು. ಮಾರ್ಕ್‌ಡೌನ್‌ನಲ್ಲಿ ವಾಕ್ಯದ ಒಳಗೇ ಸಂಖ್ಯೆಯ ಬದಲು ಆ ಲೆಕ್ಕದ ಕೋಡ್ ಇಡ್ಲಿಕ್ಕೆ ಆಗ್ತದೆ. ಡೇಟಾ ಸರಿಮಾಡಿ 'ನಿಟ್' (ಕೋಡ್ ಓಡಿಸಿ ವರದಿ ತಯಾರಿಸುವ ಬಟನ್) ಒತ್ತಿದ್ರೆ ಗ್ರಾಫೂ ಸಂಖ್ಯೆಯೂ ಒಟ್ಟಿಗೇ ಬದಲಾಗ್ತದೆ.

ಇನ್ನೊಬ್ಬರು ಪರೀಕ್ಷೆ ಮಾಡುದೂ ಸುಲಭ. ರೈನ್‌ಹಾರ್ಟ್, ರೋಗಾಫ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞರು 2010ರಲ್ಲಿ, ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದ್ರೆ ದೇಶದ ಆರ್ಥಿಕ ಬೆಳವಣಿಗೆ ಸರಾಸರಿ ಶೇ. ಮೈನಸ್ 0.1 ಅಂತ ಬರೆದಿದ್ರು. ಥಾಮಸ್ ಹರ್ಂಡನ್ ಅಂತ ಒಬ್ಬ ವಿದ್ಯಾರ್ಥಿ ಅವರಿಂದಲೇ ಎಕ್ಸೆಲ್ ಶೀಟ್ ತರಿಸಿ ನೋಡಿದ್ರೆ ಫಾರ್ಮುಲಾದಲ್ಲಿ ಐದು ದೇಶ ಬಿಟ್ಟೇ ಹೋಗಿದೆ! ಅದೂ, ಸೇರಿಸದ ಕೆಲವು ವರ್ಷಗಳೂ, ಸರಾಸರಿ ತೆಗೆದ ಕ್ರಮವೂ ಸರಿಯಾದ್ರೆ ಶೇ. 2.2 ಬರ್ತದೆ ಅಂತ 2013ರಲ್ಲಿ ತೋರಿಸಿದ್ರು. ಶೀಟ್ ಸಿಗದಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ಹಾಗಂತ ಕೋಡ್ ಓಡಿದ ಕೂಡ್ಲೇ ಲೆಕ್ಕ ಸರಿ ಅಂತಲ್ಲ ಮಾರಾಯ್ರೆ, ತಪ್ಪು ಫಾರ್ಮುಲಾವೂ ಚಂದವಾಗಿಯೇ ಓಡ್ತದೆ. ಲೆಕ್ಕ ಎದುರಿಗೇ ಇರುವ ಕಾರಣ ಹುಡುಕಿದ್ರೆ ತಪ್ಪು ಎಲ್ಲುಂಟು ಅಂತ ಕಾಣ್ತದೆ, ಅಷ್ಟೆ. ಜ್ಯುಪಿಟರ್ (ಕೋಡನ್ನು 'ಸೆಲ್' ಅನ್ನುವ ತುಂಡು ತುಂಡಾಗಿ ಬರೆದು ಓಡಿಸುವ, ಇಂಥದ್ದೇ ಇನ್ನೊಂದು ಸಾಧನ) ಬಳಸುವ ಗೆಳೆಯರಿದ್ರೆ ಅವರಿಗೂ ಹೇಳಿ, ಸೆಲ್‌ಗಳನ್ನು ಹಿಂದೆ ಮುಂದೆ ಓಡಿಸಿದ್ರೆ ಅಳಿಸಿದ ಹಳೇ ಸಂಖ್ಯೆ ಮೆಮೊರಿಯಲ್ಲೇ ಕೂತಿರ್ತದೆ, ಕಳಿಸುವ ಮೊದಲು ರೀಸ್ಟಾರ್ಟ್ ಮಾಡಿ ಮೇಲಿಂದ ಕೆಳಗೆ ಒಮ್ಮೆ ಓಡಿಸ್ಬೇಕು. ನೀವು ನಿಮ್ಮ ಫೈಲಿನ ಕೊನೆಗೆ ಸೆಷನ್‌ಇನ್ಫೋ ಅನ್ನುವ ಆದೇಶ ಹಾಕಿ, ಯಾವ ಪ್ಯಾಕೇಜಿನ ಯಾವ ವರ್ಷನ್ ಅಂತ ದಾಖಲಾಗ್ತದೆ.

ಫೈಲನ್ನು ಝೆನೊಡೊ ಅನ್ನುವ ಸಂಶೋಧನಾ ಫೈಲುಗಳ ಜಾಲತಾಣದಲ್ಲಿ ಹಾಕಿದ್ರೆ ಡಿಒಐ (ಕಾಯಂ ಗುರುತು ಸಂಖ್ಯೆ) ಸಿಗ್ತದೆ, ಯಾರು ಬೇಕಾದ್ರೂ ಉಲ್ಲೇಖಿಸ್ಬಹುದು. ಆದ್ರೆ ತೋಟದವರ ಹೆಸರು, ಫೋನ್ ನಂಬ್ರ ತೆಗೆದೇ ಹಾಕಿ, ಇದೊಂದು ಮರೀಬೇಡಿ. ತೋಟದವರಿಗೆ ಕನ್ನಡದಲ್ಲೂ ಒಂದು ಪ್ರತಿ ಕೊಡುದಾದ್ರೆ ಎಚ್‌ಟಿಎಂಎಲ್ ಮಾಡಿ, ಪಿಡಿಎಫ್‌ಗೆ ಝೀಲೇಟೆಕ್ ಅನ್ನುವ ತಂತ್ರಾಂಶ, ಕನ್ನಡ ಫಾಂಟ್ ಅಂತ ಸ್ವಲ್ಪ ರಗಳೆ ಉಂಟು.