ವಿಜ್ಞಾನ ಪತ್ರಿಕೋದ್ಯಮದಲ್ಲಿ ಫ್ರೀಲಾನ್ಸ್ ಆಗಿ ಶುರು ಮಾಡುವುದು ಹೇಗೆ?

ಎಂ.ಎಸ್ಸಿ. ಮುಗಿದಿದೆ, ಬರೆಯುವ ಆಸೆ ಇದೆ, ಆದರೆ ಪತ್ರಿಕೋದ್ಯಮ ಓದಿಲ್ಲ, ಯಾರ ಪರಿಚಯವೂ ಇಲ್ಲ ಎಂದು ಕೇಳಿದ್ದೀರಿ. ನಾನೂ ಹಾಗೇ ಬಂದವಳು. ಈವರೆಗೆ ಯಾವ ಸಂಪಾದಕರೂ ನನ್ನ ಡಿಗ್ರಿ ಕೇಳಿಲ್ಲ. ಅವರು ಕೇಳುವುದು, ‘ಯಾರ ಹತ್ತಿರ ಮಾತಾಡಿದ್ದೀರಿ?’ ಎಂದು.

ಅದರ ಬೆಲೆ ನನಗೆ ತಡವಾಗಿ ಗೊತ್ತಾಯಿತು. ನನ್ನ ಮೊದಲ ಬರಹ ಒಂದು ಪತ್ರಿಕಾ ಪ್ರಕಟಣೆಯನ್ನು ನಂಬಿ ಬರೆದದ್ದು. ಔಷಧದ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ನನ್ನ ಬರಹ ಓದಿದರೆ ನಾಳೆಯೇ ಅಂಗಡಿಗೆ ಬರುತ್ತದೆ ಅನ್ನಿಸುತ್ತಿತ್ತು. ತಾಯಿಗೆ ಅದೇ ಕಾಯಿಲೆ ಇದೆ, ಔಷಧ ಎಲ್ಲಿ ಸಿಗುತ್ತದೆ ಎಂದು ಓದುಗರೊಬ್ಬರು ಬರೆದರು. ಆ ಪತ್ರಕ್ಕೆ ಉತ್ತರ ಬರೆಯುವುದು ತುಂಬಾ ಕಷ್ಟವಾಯಿತು.

ಇದು ನನ್ನೊಬ್ಬಳ ತಪ್ಪಲ್ಲ ಎಂದು ಆಮೇಲೆ ತಿಳಿಯಿತು. 2014ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಸಂಶೋಧನಾ ಪ್ರಬಂಧಗಳ ಜೊತೆ ಹೋಲಿಸಿದ್ದರು. ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೂ ಹಿಗ್ಗಿಸಿ ಹೇಳಿದ ಪ್ರಕಟಣೆಗಳಿಂದ ಹುಟ್ಟಿದ ಸುದ್ದಿಗಳಲ್ಲಿ ಶೇ 86ರಷ್ಟು ಅದನ್ನೇ ಹಿಗ್ಗಿಸಿದ್ದವು. ಪ್ರಕಟಣೆ ಹಾಗೆ ಹೇಳದಿದ್ದಾಗ ಶೇ 10 ಮಾತ್ರ.

ಆದ್ದರಿಂದ ಮೂಲ ಪ್ರಬಂಧವನ್ನೇ ಓದಿ. ಎಷ್ಟು ಜನರ ಮೇಲೆ ಪ್ರಯೋಗ, ಹಣ ಕೊಟ್ಟವರು ಯಾರು, ಇತಿಮಿತಿಗಳ ಬಗ್ಗೆ ಲೇಖಕರೇ ಏನು ಹೇಳಿದ್ದಾರೆ ನೋಡಿ. ‘ಅಪಾಯ ಶೇ 50 ಜಾಸ್ತಿ’ ಎಂದರೆ 10,000 ಜನರಲ್ಲಿ 2 ಇದ್ದದ್ದು 3 ಆಗಿರಬಹುದು, ಅಲ್ವಾ? ಆಮೇಲೆ ಆ ಸಂಶೋಧನೆಯಲ್ಲಿ ಪಾಲಿಲ್ಲದ ಒಬ್ಬ ವಿಜ್ಞಾನಿಗೆ ಬರೆಯಿರಿ. ಇಂಥವರ ಹೆಸರು ಪ್ರಬಂಧದ ಕೊನೆಯ ಉಲ್ಲೇಖಗಳಲ್ಲೇ ಸಿಗುತ್ತದೆ. ‘ಇದರಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನು?’ ಎಂದು ಕೇಳಿ. ನನ್ನ ಒಳ್ಳೆಯ ಬರಹಗಳೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿದವು.

ಪಿಚ್, ಅಂದರೆ ‘ಈ ಬರಹ ಬರೆಯಲೇ?’ ಎಂದು ಸಂಪಾದಕರಿಗೆ ಕಳಿಸುವ ಚಿಕ್ಕ ಪ್ರಸ್ತಾವ, ಬರೆಯುವಾಗಲೂ ಅದೇ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ‘ಜೇನುನೊಣಗಳ ಬಗ್ಗೆ ಬರೆಯುತ್ತೇನೆ’ ಎಂದರೆ ಅದು ಬರೀ ವಿಷಯ. ‘ಗೂಡಿನ ಸದ್ದು ಕೇಳಿಯೇ ರೋಗ ಹೇಳಬಹುದು ಎನ್ನುತ್ತಾರೆ ಸಂಶೋಧಕರು, ಜೇನು ಸಾಕುವವರು ಮಾತ್ರ ನಂಬುತ್ತಿಲ್ಲ, ಯಾಕೆ?’ ಎಂದರೆ ಅಲ್ಲೊಂದು ಕತೆ ಇದೆ. ಈಗಲೇ ಯಾಕೆ, ಯಾರನ್ನು ಮಾತಾಡಿಸುತ್ತೀರಿ ಎಂದು ಎರಡು ಸಾಲು ಸೇರಿಸಿ. ಸಂಪಾದಕರು ಒಪ್ಪಿದ ಪಿಚ್‌ಗಳನ್ನು ‘ದಿ ಓಪನ್ ನೋಟ್‌ಬುಕ್’ ತಾಣ ಸಂಗ್ರಹಿಸಿ ಇಟ್ಟಿದೆ. ಕಳಿಸುವ ಮೊದಲು ನಾಲ್ಕಾದರೂ ಓದಿ.

ಹಣದ ವಿಷಯ: ಮೊದಲ ವರ್ಷ ಇದನ್ನೇ ನಂಬಿ ಇರಬೇಡಿ. ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಬರಹ ಕೈಬಿಟ್ಟರೆ ಏನಾದರೂ ಕೊಡುತ್ತಾರಾ ಎಂಬುದನ್ನು ಬರೆಯಲು ಕೂರುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಪಿಚ್‌ಗೆ ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ, ಸುಮ್ನೆ ಕಾಯದೆ, ಬೇರೆ ಕಡೆ ಕಳಿಸಿ.