ನೀರನ್ನು ಬೈಯೋದು ಬಿಡಿ, ಉದುರಿದ ಕೂದಲನ್ನು ಎತ್ತಿ ನೋಡಿ

ಹಾಸನದಿಂದ ಮಾರತಹಳ್ಳಿಯ ಪಿಜಿಗೆ ಬಂದು ಒಂದೂವರೆ ವರ್ಷ, ಸೊಂಟ ಮುಟ್ಟುತ್ತಿದ್ದ ಜಡೆ ಈಗ ನಡುಬೆನ್ನಿಗೆ ಬಂದಿದೆ, ಬೋರ್‌ವೆಲ್ ನೀರೇ ಕಾರಣ ಇರಬೇಕು, ಶವರ್ ಫಿಲ್ಟರ್ ಹಾಕಿಸಲಾ, ಯಾವ ಎಣ್ಣೆ ಹಚ್ಚಿದರೆ ಮತ್ತೆ ಬೆಳೆಯುತ್ತೆ ಅಂತ ಕೇಳಿದ್ದೀರಿ. ಊರಿನ ಹೆಸರೊಂದು ಬದಲಾಯಿಸಿದರೆ ಇದು ನನ್ನದೇ ಪ್ರಶ್ನೆ. ನಾನೂ ನೀರನ್ನೇ ಬೈದೆ, ಫಿಲ್ಟರೂ ಹಾಕಿಸಿದೆ. ನನ್ನ ಜಡೆ ತಿಂದಿದ್ದು ನೀರಲ್ಲ. ಬೆಳಿಗ್ಗೆ ತಲೆಗೆ ಎರೆದುಕೊಂಡು ಹತ್ತೇ ನಿಮಿಷಕ್ಕೆ ಒದ್ದೆ ಕೂದಲನ್ನು ಬಿಗಿಯಾಗಿ ತುರುಬು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಅದರ ಮೇಲೆ ಹೆಲ್ಮೆಟ್ ಒತ್ತಿಕೊಂಡು ಸ್ಕೂಟರ್ ಹತ್ತುತ್ತಿದ್ದೆನಲ್ಲ, ಅದು.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳಲ್ಲ. ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನಿನ ಎಳೆಗಳು. ಅವನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದ ಬಂಧ ಗಟ್ಟಿ, ನೀರಿಗೆ ಜಗ್ಗಲ್ಲ. ಹೈಡ್ರೋಜನ್ ಬಂಧ ಮಾತ್ರ ನೀರು ತಾಗಿದ ಕೂಡಲೇ ಸಡಿಲ. ಹಾಗಾಗಿ ಒದ್ದೆ ಕೂದಲು ಉಬ್ಬುತ್ತೆ, ರಬ್ಬರಿನ ಹಾಗೆ ಹಿಗ್ಗುತ್ತೆ. ಸುಮಾರು 30 ಪರ್ಸೆಂಟ್ ಎಳೆದರೂ ಹೇಗೋ ವಾಪಸ್ ಬರುತ್ತೆ, ಅದಕ್ಕೂ ಮೀರಿ ಎಳೆದರೆ ಬರಲ್ಲ. ಮೇಲ್ಪದರದ ಹುರುಪೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ನೆನೆದಾಗ ಅವೂ ಎದ್ದು ನಿಲ್ಲುತ್ತವೆ. ಈ ಸ್ಥಿತಿಯಲ್ಲಿ ತಿರುಚಿ ತುರುಬು ಕಟ್ಟಿದರೆ ಹೊರಸುತ್ತಿನ ಎಳೆಗಳು ಹೆಚ್ಚು ಹಿಗ್ಗುತ್ತವೆ, ಬ್ಯಾಂಡ್ ಕೂತ ಜಾಗ ನಜ್ಜಾಗುತ್ತೆ, ರಸ್ತೆಯ ಪ್ರತಿ ಹಂಪ್‌ಗೂ ಹೆಲ್ಮೆಟ್ಟಿನೊಳಗೆ ಅದೇ ಜಾಗ ಉಜ್ಜುತ್ತೆ. ದಿನಾ ಅಲ್ಲೇ ಕಟ್ಟಿದರೆ ದಿನಾ ಅದೇ ಜಾಗಕ್ಕೆ ಪೆಟ್ಟು.

ಕತ್ತಿನ ಹಿಂದೆ 8–10 ಸೆಂ.ಮೀ. ಉದ್ದದ ಮೊಂಡು ಕೂದಲು, ಎಲ್ಲಾ ಹೆಚ್ಚುಕಮ್ಮಿ ಒಂದೇ ಅಳತೆ, ನಿಮಗೂ ಇದೆಯಾ ನೋಡಿ. ನಾನು ಅದನ್ನು "ಹೊಸ ಕೂದಲು ಬರ್ತಿದೆ" ಅಂತ ತಿಂಗಳುಗಟ್ಟಲೆ ಖುಷಿಪಟ್ಟೆ. ನಿಜವಾದ ಹೊಸ ಕೂದಲಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗುತ್ತೆ. ತುಂಡಾದದ್ದರ ತುದಿ ಮೊಂಡ.

ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಈ ಸಲ ತಲೆಸ್ನಾನ ಆದಮೇಲೆ ಬಾತ್‌ರೂಮಿನ ಜಾಲರಿಯಲ್ಲಿ ಸಿಕ್ಕ ಕೂದಲು, ಬಾಚಣಿಗೆಯ ಕೂದಲು ಎರಡನ್ನೂ ಬಿಳಿ ಹಾಳೆಯ ಮೇಲೆ ಒಂದೊಂದಾಗಿ ಹರಡಿ ಫೋನಿನ ಟಾರ್ಚ್ ಹಾಕಿ. ಒಂದು ತುದಿಯಲ್ಲಿ ರಾಗಿಗಿಂತ ಚಿಕ್ಕ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದೆ ತುಂಡುತುಂಡಾಗಿದ್ದರೆ ಮುರಿದದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಬುಡದಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಮೂರು ದಿನಕ್ಕೊಮ್ಮೆ ಸ್ನಾನ ಮಾಡುವವರಿಗೆ ಮೂರು ದಿನದ್ದು ಒಟ್ಟಿಗೇ ಕೈಗೆ ಬರುತ್ತೆ, ಗಾಬರಿ ಬೇಡ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಎರಡು-ಮೂರು ತಿಂಗಳು ಹಿಂದಕ್ಕೆ ಹೋಗಿ: ಡೆಂಗ್ಯೂ, ಟೈಫಾಯ್ಡ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು. ಆಗ ಬೆಳೆಯೋದು ನಿಲ್ಲಿಸಿ ವಿಶ್ರಾಂತಿಗೆ ಜಾರಿದ ಕೂದಲು ಈಗ ಉದುರುತ್ತಿದೆ. ಕಾರಣ ಸರಿಹೋದರೆ ಬಹುತೇಕ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಒಮ್ಮೆ ನೋಡಿಸಿ. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಅದು ಥೈರಾಯ್ಡ್ ರಿಪೋರ್ಟನ್ನೇ ಏರುಪೇರು ಮಾಡಬಲ್ಲದು. ಬೈತಲೆ ಅಗಲವಾಗುತ್ತಿದ್ದರೆ ಅಥವಾ ನಾಣ್ಯದಷ್ಟು ಜಾಗ ಬೋಳಾಗಿದ್ದರೆ ಇಲ್ಲಿ ಕೇಳಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ.

ನಿಮ್ಮ ವಿವರಣೆ ಓದಿದರೆ ನನಗೆ ಮುರಿಯುವ ಕೂದಲೇ ಅನಿಸುತ್ತೆ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1.25 ಸೆಂ.ಮೀ. ಬೆಳೆಯುತ್ತೆ. ಸೊಂಟ ಮುಟ್ಟುವ 80 ಸೆಂ.ಮೀ. ಜಡೆಯ ತುದಿಗೆ ಐದು ವರ್ಷ ದಾಟಿರುತ್ತೆ. ಅಂದರೆ ಆ ತುದಿ ಐದು ವರ್ಷದ ಬಾಚಣಿಗೆ, ಬಿಸಿಲು, ಬ್ಯಾಗಿನ ಪಟ್ಟಿ ಎಲ್ಲವನ್ನೂ ತಿಂದಿದೆ. ನಿಮ್ಮ ತಲೆ ಕೂದಲು ಬೆಳೆಸುವುದನ್ನು ನಿಲ್ಲಿಸಿಲ್ಲ. ಮೇಲೆ ಬೆಳೆದಷ್ಟೂ ಕೆಳಗೆ ಮುರಿಯುತ್ತಿದೆ. "ಯಾವ ಎಣ್ಣೆ ಹಚ್ಚಿದರೆ ಬೆಳೆಯುತ್ತೆ" ಅನ್ನೋ ಪ್ರಶ್ನೆಯೇ ತಪ್ಪು ಅನ್ನೋದು ಇದಕ್ಕೆ.

ಎಣ್ಣೆ ಬೇಡವೇ ಬೇಡ ಅಂತಲ್ಲ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತೆ, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತೆ. ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಜೊತೆ ಹೋಲಿಸಿ ನೋಡಿದಾಗ ಕೊಬ್ಬರಿ ಎಣ್ಣೆಯೊಂದೇ ಈ ಕೆಲಸ ಮಾಡಿತ್ತು. ಹಾಗಾಗಿ ಸ್ನಾನಕ್ಕೆ ಎರಡು ಗಂಟೆ ಮೊದಲು ಎರಡು-ಮೂರು ಚಮಚ, ಕಿವಿಯ ಮಟ್ಟದಿಂದ ಕೆಳಕ್ಕೆ, ತುದಿಗೆ ಜಾಸ್ತಿ. ತಲೆಹೊಟ್ಟು ಇದ್ದರೆ ನೆತ್ತಿಗೆ ಹಚ್ಚಬೇಡಿ, ಹೊಟ್ಟಿನ ಶಿಲೀಂಧ್ರ ಎಣ್ಣೆ ತಿಂದೇ ಕೊಬ್ಬುತ್ತೆ. ಗ್ರಂಧಿಗೆ ಅಂಗಡಿಯಿಂದ ಹನ್ನೆರಡು ಬೇರು ತಂದು ಕುದಿಸೋ ಉಸಾಬರಿ ಬೇಡ.

ಇನ್ನು ನೀರು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದರೂ ಎಷ್ಟೋ ಪಿಜಿಗಳ ಸಂಪಿನಲ್ಲಿರುವುದು ಕಾವೇರಿ, ಬೋರ್, ಟ್ಯಾಂಕರ್ ಮೂರರ ಕಲಬೆರಕೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ (ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ) ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸರಿ. ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಪೆನ್ ಅದ್ದಿ ಗಡಸುತನ ಹೇಳೋಕಾಗಲ್ಲ, ಅದಕ್ಕೆ ಬೇರೆ ಟೆಸ್ಟ್ ಸ್ಟ್ರಿಪ್ ಸಿಗುತ್ತೆ. ಗಡಸು ನೀರು ಕೂದಲನ್ನು ಒರಟು ಮಾಡುತ್ತೆ, ಸಿಕ್ಕಾಗಿಸುತ್ತೆ, ನಿಜ. ಆದರೆ ಶವರ್ ತಲೆಗೆ ಸಿಕ್ಕಿಸುವ ಕಾರ್ಬನ್ ಫಿಲ್ಟರ್ ಕ್ಲೋರಿನ್ ಹಿಡಿಯುತ್ತೆಯೇ ಹೊರತು ಕ್ಯಾಲ್ಸಿಯಂ ಹಿಡಿಯಲ್ಲ. ಕ್ಯಾಲ್ಸಿಯಂ ತೆಗೆಯಲು ರಾಳದ ಸಾಫ್ಟ್‌ನರ್ ಬೇಕು, ಅದಕ್ಕೆ ಆಗಾಗ ಉಪ್ಪು ಹಾಕಿ ತೊಳೆಯಬೇಕು. ಅದು ಓನರ್ ಮಾಡಿಸುವ ಕೆಲಸ, ನಿಮ್ಮದಲ್ಲ. ನಿಮ್ಮ ಕೈಲಾಗೋದು ಇಷ್ಟು: ತಲೆಗೆ ಸೋಪು ಹಾಕಬೇಡಿ (ಗಡಸು ನೀರಲ್ಲಿ ಅದು ಬೂದು ಜಿಡ್ಡಾಗಿ ಅಂಟುತ್ತೆ), ಕೊನೆಗೆ ಎರಡು ಲೀಟರ್ ಕ್ಯಾನ್ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಶೋಧಿಸಿ, ಕೂದಲ ಮೇಲೆ ಹುಯ್ದುಕೊಳ್ಳಿ, ಆಮೇಲೆ ಬರೀ ನೀರು ಒಂದು ಮಗ್ಗು.

ಸ್ನಾನದ ಕ್ರಮ ಹೇಳಿಬಿಡುತ್ತೇನೆ. ಒಣಗಿದ್ದಾಗಲೇ ಸಿಕ್ಕು ಬಿಡಿಸಿ, ತುದಿಯಿಂದ ಶುರುಮಾಡಿ ನಾಲ್ಕು ಬೆರಳಷ್ಟು ಮೇಲೆ ಮೇಲೆ ಹೋಗಿ. ಎರಡು ಚಮಚ ಶಾಂಪೂ ಅರ್ಧ ಮಗ್ಗು ನೀರಲ್ಲಿ ಕದಡಿ ನೆತ್ತಿಗೆ ಮಾತ್ರ. ಇಳಿದು ಬರುವ ನೊರೆಯೇ ಉದ್ದಕ್ಕೆ ಸಾಕು. ಕೂದಲನ್ನು ತಲೆಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದ ಹಾಗೆ ತಿಕ್ಕಬೇಡಿ. ಕಂಡೀಷನರ್ ಉದ್ದಕ್ಕೆ ಹಚ್ಚಿ ಮೂರು ನಿಮಿಷ. ಒದ್ದೆಯಲ್ಲಿ ಬಾಚಲೇಬೇಕಿದ್ದರೆ ಅದು ಜಾರುತ್ತಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ. ಸೀಗೆಪುಡಿಯವರಾದರೆ ನೆನೆಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿಯೇ ಬಳಸಿ. ಹಾಗೇ ತಿಕ್ಕಿದರೆ ಆ ಚರಟ ಮರಳು ಕಾಗದದ ಹಾಗೆ ಉಜ್ಜುತ್ತೆ.

ಒರೆಸಲು ಟರ್ಕಿ ಟವೆಲ್ ಬೇಡ, ಅಮ್ಮನ ಹಳೇ ಹತ್ತಿ ಸೀರೆಯ ತುಂಡು ತನ್ನಿ. ಹಿಂಡಬೇಡಿ, ಒತ್ತಿ ತೆಗೆಯಿರಿ. ಬೆಂಗಳೂರಿನ ಜುಲೈ-ಆಗಸ್ಟಿನಲ್ಲಿ, ಕಿಟಕಿಯಿಲ್ಲದ ರೂಮಿನಲ್ಲಿ ಉದ್ದ ಕೂದಲು ಒಣಗಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ಉಬ್ಬಿಕೊಂಡೇ ಇರೋದೂ ಒಳ್ಳೆಯದಲ್ಲ. 15 ಸೆಂ.ಮೀ. ದೂರ ಹಿಡಿದು, ಕಡಿಮೆ ಬಿಸಿಯಲ್ಲಿ, ಕೈ ಆಡಿಸುತ್ತಾ ಡ್ರೈಯರ್ ಬಳಸಿ. 2011ರ ಒಂದು ಕೊರಿಯನ್ ಪ್ರಯೋಗದಲ್ಲಿ ಹೀಗೆ ಒಣಗಿಸಿದ ಕೂದಲಿಗಿಂತ ತಾನಾಗಿ ಒಣಗಲು ಬಿಟ್ಟ ಕೂದಲಿನ ಒಳಪೊರೆಗೇ ಹಾನಿ ಕಂಡಿತ್ತು. ಡ್ರೈಯರ್ ಅಂದರೆ ಪಾಪ ಅಂದುಕೊಂಡಿದ್ದವಳು ನಾನು.

ಆಫೀಸಿನ ಬೆಳಿಗ್ಗೆ ತಲೆಸ್ನಾನ ಬಿಡಿ. ಬುಧವಾರ ಸಂಜೆ, ಶನಿವಾರ ಮಧ್ಯಾಹ್ನಕ್ಕೆ ಹಾಕಿಕೊಳ್ಳಿ. ಹೆಲ್ಮೆಟ್ ಹಾಕುವ ದಿನ ಒಣಗಿದ ಕೂದಲಿಗೆ ಸಡಿಲ ಜಡೆ, ಕತ್ತಿನಿಂದ ಕೆಳಗೆ ಬಟ್ಟೆ ಸುತ್ತಿದ ಬ್ಯಾಂಡ್, ತಲೆಗೆ ತೆಳು ಹತ್ತಿ ಸ್ಕಾರ್ಫ್, ಜಡೆ ಜಾಕೆಟ್ಟಿನ ಒಳಗೆ.

ನಾಲ್ಕು ತಿಂಗಳಿಗೊಮ್ಮೆ ತುದಿ 1 ಸೆಂ.ಮೀ. ಕತ್ತರಿಸಿ. ಕತ್ತರಿಸಿದರೆ ಬೇಗ ಬೆಳೆಯುತ್ತೆ ಅನ್ನೋದು ಸುಳ್ಳು, ಬೆಳವಣಿಗೆ ಇರುವುದು ಬುಡದಲ್ಲಿ. ಸೀಳಿದ ತುದಿ ಮೇಲಕ್ಕೆ ಹರಿದುಕೊಂಡು ಹೋಗದಿರಲಿ ಅಂತಷ್ಟೇ. ಲೆಕ್ಕ ಹಾಕಿ: ತಿಂಗಳಿಗೆ 1.25 ಬೆಳೆದು ಕಾಲು ಸೆಂ.ಮೀ. ಕತ್ತರಿಗೆ ಹೋದರೆ ಉಳಿಯೋದು 1. ನಡುಬೆನ್ನಿನಿಂದ ಸೊಂಟಕ್ಕೆ 20 ಸೆಂ.ಮೀ. ಅಂದರೆ 20 ತಿಂಗಳು. ರಬ್ಬರ್ ಬ್ಯಾಂಡನ್ನು ಇವತ್ತೇ ಬಿಸಾಕಿದರೆ.