ಅಜ್ಜನಿಗೆ ಏಳು ಅಂಕ, ಗೈಡಿಗೆ ಸೊನ್ನೆ

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಎರಡು ಬಗೆಯ ಪತ್ರಗಳು ಬರುತ್ತವೆ. ಅಡಿಕೆ ತೋಟದವರು ಸುಣ್ಣದ ಬಗ್ಗೆ ಕೇಳುತ್ತಾರೆ. ಅವರ ಮಕ್ಕಳು ಪ್ಲಸ್ ಟು ಕೆಮಿಸ್ಟ್ರಿಯ ಬಗ್ಗೆ ಕೇಳುತ್ತಾರೆ. ಕೇಳುವುದು ಇಬ್ಬರೂ ಒಂದನ್ನೇ, ಅದು ಇಬ್ಬರಿಗೂ ಗೊತ್ತಿಲ್ಲ ಅಷ್ಟೇ. ಈ ಸಲ ಪೆರ್ಲದ ಪತ್ರವೊಂದರಲ್ಲಿ ಅಪ್ಪ, ಮಗ ಒಟ್ಟಿಗೆ ಸಿಕ್ಕಿದ್ದಾರೆ. ಹಾಗಾಗಿ ಜಾಗದ ಬಹುಪಾಲು ಅವರಿಗೇ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಾಷ್ಟ್ರೇ, ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಮದ್ದು ಬಿಡುವ ಮೊದಲು ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸುತ್ತೇವಲ್ಲ, ಆಗ ನೀರು ಕೊತಕೊತ ಕುದಿಯುತ್ತದೆ. ಕೆಳಗೆ ಒಲೆ ಇಲ್ಲ. ಬಿಸಿ ಎಲ್ಲಿಂದ ಬರುತ್ತದೆ? ನಮ್ಮ ಅಜ್ಜ ‘ಸುಣ್ಣ ಸುಡುವ ಗೂಡಿನ ಬೆಂಕಿ ಅದರೊಳಗೆ ಅಡಗಿ ಕೂತಿದೆ’ ಎನ್ನುತ್ತಿದ್ದರು. ಮಗ ‘ಅದೆಲ್ಲ ಮೂಢನಂಬಿಕೆ, ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ’ ಎಂದು ಗೈಡ್ ತೋರಿಸುತ್ತಾನೆ. ಯಾರು ಸರಿ?

ಉತ್ತರ: ಅಜ್ಜ. ಪೂರ್ತಿ ಅಲ್ಲ, ಹತ್ತಕ್ಕೆ ಏಳು ಕೊಡುತ್ತೇನೆ. ಗೈಡಿಗೆ ಸೊನ್ನೆ.

ಮೊದಲು ಆ ಗೈಡಿನ ಮಾತು. ‘ಬಂಧ ಮುರಿದರೆ ಶಕ್ತಿ ಬರುತ್ತದೆ’ ಎನ್ನುವುದನ್ನು ಮೂವತ್ತು ವರ್ಷ ಉತ್ತರ ಪತ್ರಿಕೆಗಳಲ್ಲಿ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ಇನ್ನೂ ಸತ್ತಿಲ್ಲ. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಿ ನೋಡಿ. ಕೈಗೆ ಕೆಲಸ ಬೀಳುತ್ತದೆ ಅಲ್ವಾ? ಬಿಟ್ಟರೆ ಟಪ್ ಎಂದು ತಾವೇ ಕೂಡುತ್ತವೆ. ಅಣುವಿನಲ್ಲೂ ಅಷ್ಟೇ. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು, ಕೂಡುವಾಗ ಯಾವಾಗಲೂ ಶಕ್ತಿ ಸಿಗುತ್ತದೆ. ಒಂದು ಮೋಲ್, ಅಂದರೆ ಸುಮಾರು ಎರಡು ಗ್ರಾಂ, ಹೈಡ್ರೋಜನ್ ಅಣುಗಳನ್ನು ಬಿಡಿಸಲು 436 ಕಿಲೋಜೂಲ್ ಕೊಡಬೇಕು. ಹಾಗಾದರೆ ಹೈಡ್ರೋಜನ್ ಉರಿದಾಗ ಬಿಸಿ ಬರುವುದು ಹೇಗೆ? ಹಳೆಯ ಬಂಧ ಬಿಡಿಸಲು ಕೊಟ್ಟದ್ದಕ್ಕಿಂತ ನೀರಿನ ಹೊಸ ಬಂಧ ಕೂಡುವಾಗ ಸಿಕ್ಕಿದ್ದು ಜಾಸ್ತಿ. ಮಿಕ್ಕದ್ದು ಹೊರಗೆ ಬಂತು, ಅದೇ ಬಿಸಿ. ಕೊಟ್ಟದ್ದೇ ಹೆಚ್ಚಾದರೆ ಸುತ್ತಲಿನದ್ದು ತಣ್ಣಗಾಗುತ್ತದೆ.

ಮೋಲ್ ಎಂದರೇನು ಎಂದು ಇಲ್ಲಿ ಹೇಳುವುದಿಲ್ಲ. ಮಗ ಹೇಳಲಿ, ಪ್ಲಸ್ ಟು ಓದುತ್ತಿದ್ದಾನಲ್ಲ.

ಈಗ ಸುಣ್ಣ. ಮರುವಾಯಿ (ಹೊಳೆಯ ಕಪ್ಪೆಚಿಪ್ಪು) ಚಿಪ್ಪಾಗಲಿ, ಸುಣ್ಣದ ಕಲ್ಲಾಗಲಿ, ಮೂಲದಲ್ಲಿ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ನೀರು ಹೊಯ್ದರೆ ಏನೂ ಆಗುವುದಿಲ್ಲ. ಚಿಪ್ಪು ಹೊಳೆಯಲ್ಲೇ ಬಿದ್ದಿತ್ತು, ಯಾವತ್ತಾದರೂ ಕುದಿಯಿತಾ? ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅದರ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಗ್ರಾಂ ಚಿಪ್ಪು ಇದ್ದರೆ 44 ಗ್ರಾಂ ಗಾಳಿಗೆ, 56 ಗ್ರಾಂ ಸುಟ್ಟ ಸುಣ್ಣ ಕೈಗೆ. ಈ ಬೇರ್ಪಡಿಸುವ ಕೆಲಸಕ್ಕೆ 178 ಕಿಲೋಜೂಲ್ ಬೇಕು. ಗೂಡಿನವನು ಸೌದೆಗೋ ಇದ್ದಿಲಿಗೋ ಕೊಟ್ಟ ದುಡ್ಡಿನ ಒಂದು ಪಾಲು ಅದಕ್ಕೇ ಹೋಯಿತು. ಗೋಡೆಯಿಂದ, ಹೊಗೆಯಲ್ಲಿ ಸೋರಿ ಹೋದ ಬಿಸಿ ಬೇರೆ. ಅದು ಇದಕ್ಕಿಂತ ದೊಡ್ಡದೇ ಇರುತ್ತದೆ, ಇಲ್ಲಿ ಲೆಕ್ಕಕ್ಕಿಲ್ಲ.

ಆ 56 ಗ್ರಾಂ ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ 65 ಕಿಲೋಜೂಲ್ ವಾಪಸು ಬರುತ್ತದೆ. ಅಂದರೆ ಒಂದು ಕಿಲೋ ಸುಣ್ಣದಿಂದ ಸುಮಾರು 1160. ಸುಮ್ನೆ ಅಂದಾಜಿಗೆ ಹೇಳುವುದಾದರೆ, ನಾಲ್ಕು ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಹೆಚ್ಚುಕಡಿಮೆ ಸಾಕು. ಒಲೆ ಬೇಕಾಗದಿದ್ದುದು ಯಾಕೆ ಎಂದು ಈಗ ಗೊತ್ತಾಯಿತಲ್ಲ?

ಉಳಿದ 113 ಎಲ್ಲಿ? ಜಾಣ ಮಕ್ಕಳು ಇಲ್ಲಿ ನನ್ನನ್ನು ಹಿಡಿಯುತ್ತಾರೆ, ಹಿಡಿಯಲೇಬೇಕು. ಅದು ಗೋಡೆಯಲ್ಲಿ ಬರುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿ, ನೀರು ಬಿಟ್ಟು, ನಿಧಾನಕ್ಕೆ ಗಟ್ಟಿಯಾಗಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಚಿಪ್ಪು ಮರಳಿ ಚಿಪ್ಪಾಯಿತು ಎನ್ನಿ. ಆಗ ಬರುವುದು 113 ಕಿಲೋಜೂಲ್. ದಿನಗಟ್ಟಲೆ, ದಪ್ಪ ಗಾರೆಯಾದರೆ ವರ್ಷಗಟ್ಟಲೆ, ಚೂರುಚೂರೇ ಬರುವುದರಿಂದ ಗೋಡೆ ಮುಟ್ಟಿದರೆ ತಿಳಿಯುವುದಿಲ್ಲ. 65 ಕೂಡಿಸು 113, ಒಟ್ಟು 178. ಗೂಡಿನಲ್ಲಿ ಕೊಟ್ಟದ್ದು ಪೈಸೆ ಬಿಡದೆ ವಾಪಸು. ದಾರಿ ಯಾವುದಾದರೂ ಬಿಸಿಯ ಒಟ್ಟು ಲೆಕ್ಕ ಒಂದೇ, ಮಗ ಬಾಯಿಪಾಠ ಮಾಡುವ ಹೆಸ್ ನಿಯಮ ಇದೇ. ಜರ್ಮೇನ್ ಹೆಸ್ ಅದನ್ನು 1840ರಲ್ಲಿ ಹೇಳಿದರು. ಕಾಸರಗೋಡಿನಿಂದ ಮಡಿಕೇರಿಗೆ ಸುಳ್ಯದ ಮೇಲೆ ಹೋಗಿ, ಪಾಣತ್ತೂರು, ಭಾಗಮಂಡಲದ ಮೇಲೆ ಹೋಗಿ. ತಿರುವು ಬೇರೆ, ಬಸ್ಸಿನ ಚಾರ್ಜು ಬೇರೆ. ಕೊನೆಗೆ ಏರಿದ ಎತ್ತರ ಒಂದೇ.

ಹಾಗಾದರೆ ಅಜ್ಜನಿಗೆ ಮೂರು ಅಂಕ ಯಾಕೆ ಕಡಿಮೆ? ಬೆಂಕಿ ಒಳಗೆ ಕೂತಿಲ್ಲ. ಗೂಡಿನಿಂದ ತೆಗೆದು ಆರಿಸಿಟ್ಟ ಸುಣ್ಣ ತಣ್ಣಗೇ ಇರುತ್ತದೆ, ಮುಟ್ಟಿ ನೋಡಿದವರಿಗೆ ಗೊತ್ತು. ಸುಟ್ಟ ಸುಣ್ಣ ಒಂದರಲ್ಲೇ ಬಿಸಿ ತುಂಬಿಟ್ಟಿಲ್ಲ, ನೀರು ಇಲ್ಲದಿದ್ದರೆ ಅದು ಬರುವುದೂ ಇಲ್ಲ. ಸುಣ್ಣದ ಆಕ್ಸೈಡ್ ನೀರಿನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಕೀಳಲು ಖರ್ಚು ಇದ್ದೇ ಇದೆ. ಆದರೆ ಆಮೇಲೆ ಆಗುವ ಹೊಸ ಜೋಡಣೆಯಲ್ಲಿ ಸಿಗುವುದು ಅದಕ್ಕಿಂತ ಜಾಸ್ತಿ. ಶಕ್ತಿ ಇರುವುದು ಸುಣ್ಣ, ನೀರು ಎರಡನ್ನೂ ಸೇರಿಸಿದ ಲೆಕ್ಕದಲ್ಲಿ. ಅಜ್ಜ ನೀರನ್ನು ಮರೆತರು. ಆದರೂ ಬಿಸಿಯ ಮೂಲ ಗೂಡು ಎಂದು ಗುರುತಿಸಿದರಲ್ಲ, ಗೈಡ್ ಬರೆದವರಿಗೆ ಅಷ್ಟೂ ಆಗಲಿಲ್ಲ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಸುಣ್ಣದ ರಾಶಿಗೆ ಸ್ವಲ್ಪ ನೀರು ಹೊಯ್ಯಬೇಡಿ. ಬಿಸಿ ಅಷ್ಟೂ ಆ ಚೂರು ನೀರಿಗೇ ಬೀಳುತ್ತದೆ, ಅದು ಸಿಡಿಯುತ್ತದೆ. ನೀರು ಧಾರಾಳ ಇಟ್ಟುಕೊಂಡು ಸುಣ್ಣವನ್ನು ಚೂರುಚೂರೇ ಹಾಕಿ. ಮುಖ ದೂರ ಇರಲಿ, ಕನ್ನಡಕ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ಬಕೆಟೂ ಬೇಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮನೆಯಲ್ಲಿ ಅಂಥದ್ದರಲ್ಲಿ ಅರಳಿಸಲು ಹೋಗಿ, ತಳ ಮೆತ್ತಗಾಗಿ ಕಾಲ ಮೇಲೆಯೇ ಸುರಿಯಿತು. ಕೆಮಿಸ್ಟ್ರಿ ಮಾಷ್ಟ್ರು! ಕಲೆ ಈಗಲೂ ಇದೆ. ಇನ್ನು, ಸುಟ್ಟ ಸುಣ್ಣದ ಚೀಲವನ್ನು ಸೋರುವ ಕೊಟ್ಟಿಗೆಯಲ್ಲಿ ಬೈಹುಲ್ಲಿನ ಹತ್ತಿರ ಇಟ್ಟವರು ಇವತ್ತೇ ತೆಗೆಯಿರಿ. ಮಳೆ ನೀರು ತಾಗಿದರೆ ಹುಲ್ಲಿಗೆ ಬೆಂಕಿ ಹಿಡಿಯುವಷ್ಟು ಬಿಸಿ ಅದರಲ್ಲಿ ಹುಟ್ಟುತ್ತದೆ.

ಪ್ರಶ್ನೆ: ಕಣ್ಣಿಗೆ ಸುಣ್ಣ ಬಿದ್ದರೆ ನಿಂಬೆರಸ ಹಾಕಿದರೆ ಆಮ್ಲ, ಕ್ಷಾರ ಸರಿಹೋಗುತ್ತದೆ ಎಂದು ಒಬ್ಬ ನಾಟಿ ವೈದ್ಯರು ಹೇಳಿದರು. ಹೌದಾ?

ಉತ್ತರ: ಅವರ ಮನೆ ಕಡೆ ಇನ್ನು ಹೋಗಬೇಡಿ. ಆಮ್ಲ, ಕ್ಷಾರ ಸೇರಿದಾಗಲೂ ಬಿಸಿ ಹುಟ್ಟುತ್ತದೆ, ಅದನ್ನು ಕಣ್ಣಿನೊಳಗೆ ಮಾಡಿಸುತ್ತೀರಾ? ನಿಂಬೆ ಬೇಡ, ಎಣ್ಣೆ ಬೇಡ, ಎದೆಹಾಲೂ ಬೇಡ. ರೆಪ್ಪೆ ಬಿಡಿಸಿ ಹಿಡಿದು, ಒಳಗಿನ ಸುಣ್ಣದ ಚೂರು ಹೋಗುವ ಹಾಗೆ, ಅರ್ಧ ಗಂಟೆ ಶುದ್ಧ ನೀರು ಬಿಡುತ್ತಲೇ ಇರಿ. ಆಮೇಲೆ ನೇರ ಕಣ್ಣಿನ ಡಾಕ್ಟರ ಹತ್ತಿರ. ಉರಿ ಕಡಿಮೆಯಾಯಿತು ಎಂದು ಮನೆಯಲ್ಲಿ ಕೂರಬೇಡಿ. ಕ್ಷಾರ ಕಣ್ಣಿನ ಒಳಗೊಳಗೆ ಇಳಿಯುತ್ತಾ ಹೋಗುತ್ತದೆ. ವೀಳ್ಯದ ಸುಣ್ಣದ ಡಬ್ಬಿ ಮಕ್ಕಳ ಕೈಗೆ ಸಿಗುವ ಮನೆಗಳಿಗೂ ಈ ಮಾತು.

ಪ್ರಶ್ನೆ: ಯೂರಿಯಾ ಕರಗಿಸಿದ ನೀರು ಐಸಿನ ಹಾಗೆ ತಣ್ಣಗಾಯಿತು. ಗೊಬ್ಬರ ಡೂಪ್ಲಿಕೇಟಾ?

ಉತ್ತರ: ಅಲ್ಲ, ಯೂರಿಯಾದ ಗುಣವೇ ಅದು. ಕರಗುವಾಗ ನೀರಿನಿಂದಲೇ ಬಿಸಿ ಎಳೆದುಕೊಳ್ಳುತ್ತದೆ. ಅಂಗಡಿಯವರ ಜೊತೆ ಜಗಳ ಬೇಡ.

ಪ್ರಶ್ನೆ: ನೀರಿನಲ್ಲೇ ಉರಿಯುವ ಸ್ಟವ್ ಮಾರಲು ಬಂದಿದ್ದಾರೆ. ಬರೀ ನೀರು ಸಾಕಂತೆ. ತಗೊಳ್ಳಬಹುದಾ?

ಉತ್ತರ: ನೀರು ಎಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಬೂದಿಯನ್ನು ಮತ್ತೆ ಉರಿಸುತ್ತೇನೆ ಎನ್ನುವವರಿಗೆ ದುಡ್ಡು ಕೊಡುತ್ತೀರಾ?

ಪ್ರಶ್ನೆ: ಪಪ್ಪಾಯಿ ಉಷ್ಣ, ಎಳನೀರು ತಂಪು. ಇದೂ ನಿಮ್ಮ ಬಿಸಿಯ ಲೆಕ್ಕ, ಎಂಥಾಲ್ಪಿಯೇ?

ಉತ್ತರ: ಅಲ್ಲ.

ಪ್ರಶ್ನೆ: ಸುಣ್ಣ, ಮೈಲುತುತ್ತು ಬೆರೆಸಿದ ಬೋರ್ಡೋ ಮದ್ದು ಕಪ್ಪಾಯಿತು. ಮಾಡಿದ್ದು ಎಲ್ಲ ಸರಿಯಾಗಿಯೇ. ಹಾಗೇ ಬಿಡಬಹುದಾ?

ಉತ್ತರ: ಸುಣ್ಣ ಆರುವ ತನಕ ಕಾಯಲಿಲ್ಲ, ಅಷ್ಟೇ. ಬಿಸಿ ಸುಣ್ಣದ ಹಾಲಿಗೆ ಮೈಲುತುತ್ತಿನ ನೀರು ಬಿದ್ದರೆ ನೀಲಿ ತಾಮ್ರದ ಹೈಡ್ರಾಕ್ಸೈಡ್ ಕಪ್ಪು ಆಕ್ಸೈಡ್ ಆಗುತ್ತದೆ. ಆಕಾಶದ ಬಣ್ಣ ಬರಬೇಕು. ಇದನ್ನು ಮರಕ್ಕೆ ಬಿಡಬೇಡಿ, ಹೊಸದಾಗಿ ಮಾಡಿ. ಸುಣ್ಣವನ್ನು ಹಿಂದಿನ ರಾತ್ರಿಯೇ ಅರಳಿಸಿಡಿ.